ಮೂರಂಕಿಯ ತಮ್ಮ

ಜಗತ್ತಿನ ತೂಕವನ್ನೆಲ್ಲ ನೋಡುವವನ ತೂಕವನ್ನು ಬೇರೆ ಯಾರೋ ನೋಡುವುದೆಂದರೆ ಅದಕ್ಕಿಂತ ದೊಡ್ಡ ಅವಮಾನ ಇನ್ನೊಂದಿಲ್ಲ. ತೂಕದಣ್ಣನಿಗೆ ಆದದ್ದು ಅದೇ.

ತೂಕದಣ್ಣ ಅನ್ನುವುದು ಲಾರಿಯವರು ಇಟ್ಟ ಹೆಸರು. ಊರಾಚೆಯ ಹೆದ್ದಾರಿ ಪಕ್ಕದ ವೇಬ್ರಿಡ್ಜಿನಲ್ಲಿ ಅವನ ಕೆಲಸ. ನೆಲಕ್ಕೆ ಸಮನಾಗಿ ಹಾಸಿದ ಉದ್ದನೆಯ ಕಬ್ಬಿಣದ ಹಲಗೆಯ ಮೇಲೆ ಲಾರಿ ಬಂದು ನಿಲ್ಲಬೇಕು, ಪಕ್ಕದ ಗಾಜಿನ ಗೂಡಿನಲ್ಲಿ ಕೂತು ಇವನು ತೂಕ ಓದಿ ಚೀಟಿ ಕೊಡಬೇಕು. ಕೇಳುವುದಕ್ಕೆ ಇಷ್ಟೇ. ಆದರೆ ಲಾರಿಯವರ ಕಲೆಗೆ ಕೊನೆಯಿಲ್ಲ. ಒಬ್ಬ ಹಿಂದಿನ ಚಕ್ರವನ್ನು ಹಲಗೆಯಿಂದ ಒಂದು ಗೇಣು ಆಚೆಗೇ ನಿಲ್ಲಿಸಿ ಆಕಾಶ ನೋಡುತ್ತಾನೆ. ಇನ್ನೊಬ್ಬ ಮರಳಿಗೆ ನೀರು ಹೊಡೆದುಕೊಂಡು ಬಂದು, ದಾರಿಯಲ್ಲಿ ಮಳೆ ಅಂತಾನೆ. (ಮಳೆ ಅವನ ಲಾರಿಯ ಮೇಲೆ ಮಾತ್ರ ಬಿದ್ದಿರುತ್ತದೆ.) ಎಲ್ಲರನ್ನೂ ತೂಕದಣ್ಣ ಗಾಜಿನೊಳಗಿಂದಲೇ ಹಿಡಿಯುತ್ತಿದ್ದ. ಹಿಡಿದು, ಕಿಟಕಿಯಿಂದ ಕತ್ತು ಹೊರಗೆ ಹಾಕಿ, ತೀರ್ಪು ಓದುವ ನ್ಯಾಯಾಧೀಶನ ಗಾಂಭೀರ್ಯದಲ್ಲಿ ಒಂದೇ ಮಾತು ಹೇಳುತ್ತಿದ್ದ.

"ತೂಕ ಸುಳ್ಳು ಹೇಳಲ್ಲಪ್ಪ. ಅದರ ಮೇಲೆ ನಿಂತವನು ಹೇಳ್ತಾನೆ."

ಇಂಥ ಧರ್ಮಾತ್ಮನ ಸ್ವಂತ ತೂಕ ನೂರಾ ನಾಲ್ಕು ಕಿಲೋ. ಅದರ ಬಗ್ಗೆ ಅವನಿಗೆ ಯಾವ ತಕರಾರೂ ಇರಲಿಲ್ಲ. ಗೂಡಿನ ಕುರ್ಚಿಗೆ ಇತ್ತು, ಆದರೆ ಕುರ್ಚಿಯನ್ನು ಕೇಳುವವರು ಯಾರು.

ತಕರಾರು ಬಂದದ್ದು ಅಕ್ಕನ ಮೂತ್ರಪಿಂಡಗಳ ದೆಸೆಯಿಂದ.

ಅಕ್ಕ ಅಂದರೆ ಅವನಿಗೆ ಬರೀ ಅಕ್ಕ ಅಲ್ಲ. ಅಮ್ಮ ಹೋದಾಗ ಇವನಿನ್ನೂ ಅಂಬೆಗಾಲಿಡುತ್ತಿದ್ದ. ಸೊಂಟದ ಮೇಲೆ ಹೊತ್ತು ತಿರುಗಿದವಳು, ಮುಂದೆ ಒಂದು ಕಾರ್ಖಾನೆಯ ಕ್ಯಾಂಟೀನಿನಲ್ಲಿ ಅಡುಗೆಯವಳಾಗಿ ಸೇರಿ ಇವನನ್ನು ಓದಿಸಿದವಳು, ತನ್ನ ಮದುವೆಯ ವಿಷಯ ಬಂದಾಗಲೆಲ್ಲ "ಒಲೆ ಮೇಲೆ ಏನೋ ಇದೆ" ಎಂದು ಎದ್ದು ಹೋದವಳು, ಎಲ್ಲ ಅವಳೇ. ನೂರಾ ನಾಲ್ಕು ಕಿಲೋ ಇದ್ದ ಅವನನ್ನು ಅವಳು ಈಗಲೂ ಪುಟ್ಟ ಎಂದೇ ಕರೆಯುತ್ತಾಳೆ. ಈಗ ತಮ್ಮನ ಮನೆಯ ಮುಂದಿನ ಕೋಣೆ ಅವಳದು. ಎರಡು ದಿನಕ್ಕೊಮ್ಮೆ ಆಸ್ಪತ್ರೆಗೆ ಹೋಗಿ, ಮೈಯ ರಕ್ತವನ್ನೆಲ್ಲ ಯಂತ್ರಕ್ಕೆ ಕೊಟ್ಟು, ತೊಳೆಸಿಕೊಂಡು ವಾಪಸ್ ಬರುತ್ತಾಳೆ. ಬಂದ ದಿನ ಗೋಡೆ ಹಿಡಿದು ನಡೆಯುತ್ತಾಳೆ.

ತೂಕದಣ್ಣ ಹಿಂದೆ ಮುಂದೆ ನೋಡದೆ ಡಾಕ್ಟರ ಮುಂದೆ ಕೂತು, "ನನ್ನದೊಂದು ತಗೊಳ್ಳಿ" ಎಂದ. ಪರೀಕ್ಷೆಗಳಾದವು. ಹೊಂದಾಣಿಕೆ ಆಗುತ್ತದೆ ಎಂದು ಗೊತ್ತಾಯಿತು. ಆದರೆ ಡಾಕ್ಟರು ಅವನನ್ನು ಒಮ್ಮೆ ಎಡದಿಂದ ಬಲಕ್ಕೆ ನೋಡಿದರು. (ಅವನನ್ನು ಹಾಗೆ ನೋಡಲು ಸ್ವಲ್ಪ ಹೊತ್ತು ಬೇಕು.)

"ಇಷ್ಟು ತೂಕ ಇಟ್ಕೊಂಡು ಬಂದ್ರೆ ನಾನು ಚಾಕು ಮುಟ್ಟಲ್ಲ. ಎರಡಂಕಿಗೆ ಇಳೀರಿ. ನಮ್ಮ ಫೋನ್ ಕ್ಲಿನಿಕ್ ಇದೆ, ಮನೇಲಿದ್ದೇ ಇಳಿಸ್ತಾರೆ. ಮೂರು ತಿಂಗಳಾದ ಮೇಲೆ ಡಾಕ್ಟರ ಸಭೆ. ಆವಾಗಲೂ ಮೂರಂಕಿ ಇದ್ರೆ ನಿಮ್ಮ ಹೆಸರು ತೆಗೆದುಬಿಡ್ತೀವಿ. ಅಕ್ಕ ಬೇರೆಯವರ ಹಾಗೆ ಸಾಲಲ್ಲಿ ಕಾಯ್ಬೇಕು."

ಆ ಸಾಲು ಎಷ್ಟು ಉದ್ದ ಎಂದು ಯಾರೂ ಹೇಳಲಿಲ್ಲ. ಹೇಳದೇ ಇದ್ದದ್ದರಿಂದಲೇ ಗೊತ್ತಾಯಿತು.

ಒಂದು ವಾರದಲ್ಲಿ ಮನೆಗೆ ಗಾಜಿನ ತೂಕದ ಯಂತ್ರ ಬಂತು. ಅದರ ಜೊತೆಗೆ, ಫೋನಿನೊಳಗೆ, ಒಬ್ಬಳು ನರ್ಸ್ ಬಂದಳು. ನಿಯಮ ಸರಳವಾಗಿತ್ತು: ಪ್ರತಿ ಸೋಮವಾರ ಬೆಳಿಗ್ಗೆ ಫೋನ್ ಹಚ್ಚಿ, ನರ್ಸ್ ನೋಡುತ್ತಿರುವಾಗ ಯಂತ್ರ ಹತ್ತಬೇಕು. ಮಿಕ್ಕ ದಿನ ಹತ್ತಕೂಡದು, ದಿನಾ ಹತ್ತಿದರೆ ಮನಸ್ಸು ಕೆಡುತ್ತದಂತೆ. ಸಮತಟ್ಟಾದ ನೆಲ ಬೇಕು ಎಂದದ್ದರಿಂದ ಅಡುಗೆಮನೆಗೂ ಬಚ್ಚಲಿಗೂ ನಡುವಿನ ಓಣಿಯಂಥ ಜಾಗದಲ್ಲಿ, ಫ್ರಿಜ್ಜಿನ ಪಕ್ಕ, ಯಂತ್ರ ಪ್ರತಿಷ್ಠಾಪನೆಯಾಯಿತು. ಹೆಂಡತಿ ಎದುರಿಗೆ ನಿಂತು ಫೋನ್ ಹಿಡಿದಳು. ಅಕ್ಕ ಗೋಡೆ ಹಿಡಿದುಕೊಂಡು ಬಂದು ಹಿಂದೆ ನಿಂತಳು.

"ನೀನ್ಯಾಕಕ್ಕ ಇಲ್ಲಿ?"

"ಖಾಲಿ ಹೊಟ್ಟೇಲಿ ಹತ್ತಬೇಕಂತಲ್ಲ. ತಲೆ ತಿರುಗಿ ಬಿದ್ರೆ?"

"ನಾನು ಬಿದ್ರೆ ನೀನು ಹಿಡ್ಕೊಳ್ತೀಯಾ?"

"ಒಂದು ಕಾಲದಲ್ಲಿ ಎತ್ಕೊಂಡಿದ್ದೆ, ಮರೀಬೇಡ" ಎಂದು ಅಕ್ಕ ಅವನ ಅಂಗಿಯ ಹಿಂಭಾಗ ಹಿಡಿದುಕೊಂಡಳು.

ತೂಕದಣ್ಣ ಹತ್ತಿದ. ನರ್ಸ್ ಫೋನಿನಿಂದ, "ಸರ್, ನಂಬರ್ ಓದಿ" ಎಂದಳು. ಅವನು ಬಗ್ಗಿ ನೋಡಿದ. ಹೊಟ್ಟೆ ಕಂಡಿತು. ಇನ್ನೂ ಬಗ್ಗಿದ. ಹೊಟ್ಟೆಯ ಇನ್ನೊಂದು ಭಾಗ ಕಂಡಿತು.

"ಮೋಡ ಅಡ್ಡ ಇದೆ ಮೇಡಂ."

"ಪರವಾಗಿಲ್ಲ, ನಂಬರ್ ತಾನಾಗೇ ನನ್ನ ಸ್ಕ್ರೀನಿಗೆ ಬರುತ್ತೆ. ನೂರಾ ನಾಲ್ಕು" ಎಂದಳು ನರ್ಸ್. ನಗಲಿಲ್ಲ. ಅವಳು ನಗುವ ಪೈಕಿ ಅಲ್ಲ. "ಮೋಡ ಕರಗಲಿ, ಆಮೇಲೆ ನಿಮಗೇ ಕಾಣುತ್ತೆ."

ಮಾರನೆಯ ದಿನದಿಂದ ತಪಸ್ಸು ಶುರುವಾಯಿತು. ಬೇಯಿಸಿದ ತರಕಾರಿ, ಸೌತೆಕಾಯಿ, ಲೆಕ್ಕದ ಮೊಟ್ಟೆ. ಅವನು ಊಟಕ್ಕೆ ಕೂತಾಗ ಅಕ್ಕ ಎದುರಿಗೆ ಕುರ್ಚಿ ಎಳೆದುಕೊಂಡು ಕೂರುತ್ತಿದ್ದಳು. ಅವಳಿಗೆ ಉಪ್ಪಿಲ್ಲ, ನೀರು ಕೂಡ ಇಷ್ಟೇ ಎಂದು ಅಳತೆ. ನಾಲಿಗೆಯೇ ಸತ್ತಿದೆ ಎಂದು ಅರ್ಧ ತಟ್ಟೆ ಹಾಗೇ ಬಿಡುತ್ತಿದ್ದಳು. ತಾನು ತಿನ್ನಲಾಗದ್ದನ್ನೆಲ್ಲ ತಮ್ಮ ತಿನ್ನುವುದನ್ನು ನೋಡಿ ಹೊಟ್ಟೆ ತುಂಬಿಸಿಕೊಳ್ಳುವುದು ಅವಳ ರೂಢಿ. ಆ ಸುಖಕ್ಕೂ ಈಗ ಕಲ್ಲು ಬಿದ್ದಿತ್ತು.

"ಇದು ಊಟಾನಾ ಪುಟ್ಟ? ಮೊಲ ತಿಂದು ಬಿಟ್ಟು ಹೋದ ಹಾಗಿದೆ."

"ಹಾಗೆ ಅನ್ಬೇಡ. ಇದು ನಿನಗೋಸ್ಕರ."

"ನಾನು ಕೇಳಿದ್ನಾ?"

"ಕೇಳ್ದೇ ಇರೋದೇ ನಿನ್ನ ರೋಗ" ಎಂದು ಅವನು ಸೌತೆಕಾಯಿ ಕಚ್ಚುತ್ತಿದ್ದ. ಅಕ್ಕ ಅವನ ತಟ್ಟೆಯ ಅಂಚಿಗೆ ಒಂದು ತುಂಡು ಬೆಣ್ಣೆ ಸರಿಸುತ್ತಿದ್ದಳು. ಹೆಂಡತಿ ಅದನ್ನು ತೆಗೆದುಕೊಂಡು ಒಳಗೆ ಹೋಗುತ್ತಿದ್ದಳು. ಹೀಗೆ ಒಂದೇ ಬೆಣ್ಣೆ ತುಂಡು ವಾರಗಟ್ಟಲೆ ಮನೆಯಲ್ಲಿ ಓಡಾಡಿತು.

ವೇಬ್ರಿಡ್ಜಿನಲ್ಲಿ ಎರಡು ಲಾರಿಗಳ ನಡುವಿನ ಬಿಡುವಿನಲ್ಲಿ ಅವನು ಕಬ್ಬಿಣದ ಹಲಗೆಯ ಮೇಲೆ ಆ ತುದಿಯಿಂದ ಈ ತುದಿಗೆ ಬಿರುಸಾಗಿ ನಡೆಯತೊಡಗಿದ.

"ಏನಣ್ಣ, ಇವತ್ತು ನೀವೇ ಲೋಡಾ?" ಎಂದ ಒಬ್ಬ ಡ್ರೈವರ್.

"ಲೋಡು ಇಳಿಸ್ತಿದ್ದೀನಿ."

ಇಷ್ಟು ದೊಡ್ಡ ತೂಕದ ಹಲಗೆ ಕಾಲ ಕೆಳಗೇ ಇರುವಾಗ ಅವನು ಅದರಲ್ಲೇ ಯಾಕೆ ತೂಗಿಕೊಳ್ಳಲಿಲ್ಲ ಎಂದು ನೀವು ಕೇಳಬಹುದು. ತೂಗಿಕೊಂಡ. ಅದು ಸೊನ್ನೆ ತೋರಿಸಿತು. ಲಾರಿ ತೂಗುವ ಯಂತ್ರದ ಲೆಕ್ಕದಲ್ಲಿ ಮನುಷ್ಯನೆಂದರೆ ಗಾಳಿಗೆ ಬಂದ ಧೂಳು. ಆ ಕ್ಷಣ ಅವನಿಗೆ ಜೀವನದ ಬಗ್ಗೆ ಸ್ವಲ್ಪ ವೈರಾಗ್ಯವೂ, ಬಹಳಷ್ಟು ಸಮಾಧಾನವೂ ಆಯಿತು.

ಆದರೆ ಎರಡನೆಯ ಸೋಮವಾರ ಗಾಜಿನ ಯಂತ್ರ ಹತ್ತಿದರೆ, ನೂರಾ ನಾಲ್ಕು.

ಮೂರನೆಯದಕ್ಕೂ ನೂರಾ ನಾಲ್ಕು. ಆಮೇಲೂ ಅಷ್ಟೇ. ಅವನ ಕೆನ್ನೆ ಇಳಿಯಿತು, ಕತ್ತು ಕಾಣಿಸಿಕೊಂಡಿತು (ಇತ್ತು ಎಂಬುದೇ ಹೆಂಡತಿಗೆ ಆಗ ಗೊತ್ತಾದದ್ದು), ಯಂತ್ರ ಮಾತ್ರ ಹಿಡಿದ ಹಟ ಬಿಡಲಿಲ್ಲ.

"ರೀ, ಪ್ಯಾಂಟು ಜಾರ್ತಾ ಇದೆ ನಿಮ್ದು" ಎಂದಳು ಹೆಂಡತಿ ಒಂದು ದಿನ.

"ಬಟ್ಟೆ ಹಿಗ್ಗಿದೆ."

"ಒಗೆದ್ರೆ ಬಟ್ಟೆ ಕುಗ್ಗುತ್ತೆ ರೀ, ಹಿಗ್ಗಲ್ಲ."

"ಪ್ಯಾಂಟು ಸಾಕ್ಷಿ ಅಲ್ಲ ಕಣೆ. ಅಳತೆ ಬೇರೆ, ತೂಕ ಬೇರೆ. ತೂಕ ಏನು ಹೇಳ್ತು? ನೂರಾ ನಾಲ್ಕು. ಮುಗೀತು." ಹಾಗೆಂದು ಅವನು ಬಲಗೈಯಲ್ಲಿ ಪ್ಯಾಂಟು ಹಿಡಿದುಕೊಂಡೇ ಕೆಲಸಕ್ಕೆ ಹೋದ. ಹೆಂಡತಿ ಬಾಗಿಲಲ್ಲಿ ನಿಂತು ಅವನನ್ನೂ, ಆಮೇಲೆ ಅಡುಗೆಮನೆಯಲ್ಲಿ ಯಾವುದೋ ಪಾತ್ರೆಯನ್ನು ಬೇಕಿಲ್ಲದೆ ಉಜ್ಜುತ್ತಿದ್ದ ಅಕ್ಕನನ್ನೂ ನೋಡಿದಳು.

ಇಲ್ಲೇ ತೂಕದಣ್ಣ ಎಡವಿದ್ದು. ಯಾವುದಾದರೂ ಲಾರಿ ವಾರ ವಾರವೂ ಒಂದು ಕೂದಲೆಳೆ ವ್ಯತ್ಯಾಸವಿಲ್ಲದೆ ಒಂದೇ ತೂಕ ಬಂದಿದ್ದರೆ ಅವನು ಡ್ರೈವರನ್ನು ಕೆಳಗಿಳಿಸಿ ಟೈರಿನ ಗಾಳಿಯನ್ನೂ ವಿಚಾರಣೆ ಮಾಡುತ್ತಿದ್ದ. ತನ್ನ ಮನೆಯ ಯಂತ್ರದ ಬಗ್ಗೆ ಮಾತ್ರ ಅವನಿಗೆ ಅನುಮಾನವೇ ಬರಲಿಲ್ಲ. ಅನುಮಾನ ಬಂದದ್ದು ತನ್ನ ಮೈಯ ಮೇಲೆ. ಈ ಮೈಗೆ ಗಾಳಿ ಕುಡಿದರೂ ಹತ್ತುತ್ತದೆ ಎಂದು ತೀರ್ಮಾನಿಸಿ ಅವನು ಗಾಳಿಯನ್ನೂ ಲೆಕ್ಕ ಹಾಕಿ ಕುಡಿಯತೊಡಗಿದ.

ಡಾಕ್ಟರ ಸಭೆ ಹತ್ತಿರ ಬಂತು. ಉಳಿದದ್ದು ಎರಡೇ ಸೋಮವಾರ. ಅಕ್ಕ ಆಸ್ಪತ್ರೆಯಿಂದ ಬಂದವಳು ಹೊಸಿಲಲ್ಲೇ ಕೂತು ದಣಿವಾರಿಸಿಕೊಂಡದ್ದನ್ನು ನೋಡಿದ ದಿನ ತೂಕದಣ್ಣ ತನ್ನ ವೃತ್ತಿಧರ್ಮವನ್ನು ಬಿಟ್ಟ. ಸೋಮವಾರ ಯಂತ್ರ ಹತ್ತಿದಾಗ, ಫೋನಿಗೆ ಕಾಣದ ಹಾಗೆ, ಬಲ ಮೊಣಕೈಯನ್ನು ಮೆಲ್ಲಗೆ ಫ್ರಿಜ್ಜಿನ ಮೇಲೆ ಊರಿದ. ಒಂದು ಚಕ್ರ ಹಲಗೆಯಿಂದ ಆಚೆ. ಯಾವ ಡ್ರೈವರನ್ನು ಅವನು ಹತ್ತು ಜನರೆದುರು ಬೈದಿದ್ದನೋ, ಅದೇ ಡ್ರೈವರಿನ ಹಾಗೆ ಆಕಾಶ ನೋಡುತ್ತಾ ನಿಂತ.

"ನೂರಾ ನಾಲ್ಕು" ಎಂದಳು ನರ್ಸ್.

ತೂಕದಣ್ಣ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಮೊಣಕೈ ಊರಿದರೂ ನೂರಾ ನಾಲ್ಕು. ಹಾಗಾದರೆ ಊರದಿದ್ದರೆ ಎಷ್ಟು? ಇಳಿಯುವುದಿರಲಿ, ಏರುತ್ತಿದ್ದೇನೆ. ಆ ವಾರವೆಲ್ಲ ಅವನು ಸೌತೆಕಾಯಿಯನ್ನೂ ವೈರಿಯ ಹಾಗೆ ನೋಡಿದ.

ಕೊನೆಯ ಸೋಮವಾರ ಬಂತು. ಹೆಂಡತಿ ಫೋನ್ ಹಿಡಿದಳು, ಅಕ್ಕ ಅಂಗಿ ಹಿಡಿದಳು, ಅವನು ಇಡೀ ಮುಂಗೈಯನ್ನೇ ಫ್ರಿಜ್ಜಿನ ಮೇಲೆ ಹಾಸಿ, ಆದಷ್ಟೂ ಮೈಭಾರವನ್ನು ಅದಕ್ಕೆ ವರ್ಗಾಯಿಸಿ ಹತ್ತಿದ. ಫ್ರಿಜ್ಜು ಕಿರ್ರೆಂದಿತು.

"ನೂರಾ ನಾಲ್ಕು" ಎಂದಳು ನರ್ಸ್. ಹಳೆಯ ಅಂಕಿಗಳನ್ನು ಮೇಲೆ ಕೆಳಗೆ ಸರಿಸಿ ನೋಡಿದಳು. ಆಮೇಲೆ, "ಸರ್, ಒಂದು ವಿಷಯ. ಜೀವ ಇರೋ ಮನುಷ್ಯರ ತೂಕ ಇಷ್ಟು ನಿಯತ್ತಾಗಿ ಇರಲ್ಲ. ನೀರು ಕುಡಿದ್ರೆ ಏರುತ್ತೆ, ಬೆವರಿದ್ರೆ ಇಳಿಯುತ್ತೆ. ನಿಮ್ದು ಕಲ್ಲಿನ ತೂಕ ಇದ್ದ ಹಾಗಿದೆ. ನೆಲ ಸಮ ಇದೆಯೋ ಇಲ್ವೋ ನೋಡ್ಬೇಕು. ಮೇಡಂ, ಫೋನ್ ಸ್ವಲ್ಪ ಕೆಳಗೆ ತೋರಿಸ್ತೀರಾ?"

ಹೆಂಡತಿ ಗಂಡನ ಮುಖ ನೋಡಿದಳು. ಅವನ ಭುಜದಾಚೆ ಇದ್ದ ಅಕ್ಕನ ಮುಖ ನೋಡಿದಳು. ನೋಡಿ, ಫೋನನ್ನು ನಿಧಾನವಾಗಿ, ಬಾವಿಗೆ ಕೊಡ ಬಿಟ್ಟ ಹಾಗೆ, ಕೆಳಕ್ಕೆ ಇಳಿಸಿದಳು.

ನರ್ಸ್ ಮುಖವನ್ನು ಸ್ಕ್ರೀನಿಗೆ ಹತ್ತಿರ ತಂದಳು.

"ಸರ್."

"ಹೇಳಿ ಮೇಡಂ."

"ನಿಮಗೆ ಕಾಲು ಎಷ್ಟು?"

"ಎರಡು" ಎಂದ ತೂಕದಣ್ಣ. ಗಂಭೀರವಾಗಿಯೇ ಹೇಳಿದ, ಆರೋಗ್ಯದ ಪ್ರಶ್ನೆ ಎಂದುಕೊಂಡು.

"ನನಗೆ ಮೂರು ಕಾಣ್ತಿದೆ. ಒಂದಕ್ಕೆ ನೀಲಿ ಉಣ್ಣೆ ಕಾಲುಚೀಲ ಇದೆ."

ತೂಕದಣ್ಣ ಬಗ್ಗಿ ನೋಡಿದ. ಇಷ್ಟು ವರ್ಷಗಳಲ್ಲಿ ಮೊದಲ ಸಲ ಮೋಡ ಸರಿದು ಅವನಿಗೆ ತನ್ನ ಪಾದಗಳು ಕಂಡವು. ಅವಕ್ಕೆ ಅಷ್ಟು ವಯಸ್ಸಾಗಿರುತ್ತದೆಂದು ಅವನು ಎಣಿಸಿರಲಿಲ್ಲ. ಅವೆರಡರ ನಡುವೆ, ಹಿಂದಿನಿಂದ ಬಂದು, ಗಾಜಿನ ಮೇಲೆ ಬಲವಾಗಿ ಊರಿಕೊಂಡು, ಒಂದು ನೀಲಿ ಕಾಲುಚೀಲದ ಪಾದ. ಅಕ್ಕನಿಗೆ ಯಾವಾಗಲೂ ಕಾಲು ತಣ್ಣಗಾಗುತ್ತದೆಂದು ಅವನೇ ತಂದುಕೊಟ್ಟ ಕಾಲುಚೀಲ.

"ಅಕ್ಕ."

"ಏನು."

"ಕಾಲು."

"ಯಾರದು?"

"ನಿಂದು."

ಅಕ್ಕ ಅದನ್ನು ಮೊದಲ ಸಲ ನೋಡುವವಳ ಹಾಗೆ ನೋಡಿದಳು. ಆದರೆ ತೆಗೆಯಲಿಲ್ಲ.

"ಎಷ್ಟು ದಿನದಿಂದ?" ಎಂದ ಅವನು.

"ಎರಡನೇ ಸೋಮವಾರ ನೀನು ಹತ್ತಿದ ತಕ್ಷಣ ಪಕ್ಕದಿಂದ ಇಣುಕಿದೆ, ನಂಬರ್ ಇಳಿದಿತ್ತು ಪುಟ್ಟ. ನಂಗೆ ಭಯ ಆಯ್ತು." ಕ್ಯಾಂಟೀನಿನಲ್ಲಿ ಹಿಟ್ಟಿನ ಚೀಲ ಎತ್ತಿದ ಕೂಡಲೇ ಇಷ್ಟು ಎಂದು ಹೇಳುತ್ತಿದ್ದವಳು ಅವಳು. ತಮ್ಮ ಎಷ್ಟು ಇಳಿದಿದ್ದಾನೋ ಅಷ್ಟನ್ನೇ, ಗ್ರಾಮೂ ತಪ್ಪದಂತೆ, ಕಾಲಿನಿಂದ ತುಂಬಿಕೊಡುವುದು ಅವಳಿಗೆ ಕಷ್ಟವೇನಾಗಿರಲಿಲ್ಲ.

"ನಿನ್ನ ಒಳಗಿಂದ ಒಂದು ತುಂಡು ತೆಗೀತಾರೆ ಅಂತಾರೆ. ಒಂದೊಂದೇ ತುತ್ತು ಹಾಕಿ ನಾನು ತುಂಬಿಸಿದ್ದು. ತೆಗೆಸೋಕಾ ತುಂಬಿಸಿದ್ದು? ಚಿಕ್ಕವನಿದ್ದಾಗ ನಿನ್ನ ಪಕ್ಕೆ ಎಲುಬು ಎಣಿಸಬಹುದಾಗಿತ್ತು. ನಾನು ಎಣಿಸಿದ್ದೀನಿ. ಮತ್ತೆ ಎಣಿಸೋ ಹಾಗೆ ಮಾಡ್ಕೋಬೇಡ ಅಂದ್ರೆ ನೀನು ಕೇಳಲ್ಲ. ಅದಕ್ಕೆ ಕಾಲು ಇಟ್ಟೆ."

"ನಿನಗೇನಾದ್ರೂ ಆದ್ರೆ ನಾನು ತಿಂದು ಏನು ಮಾಡ್ಲಿ" ಎಂದ ತೂಕದಣ್ಣ. ತಕ್ಷಣವೇ ಅವನು ನ್ಯಾಯಾಧೀಶನ ಗತ್ತು ತಂದುಕೊಂಡ. "ಅಕ್ಕ ಅನ್ನೋದೂ ನೋಡದೆ ಹೇಳ್ತೀನಿ. ತೂಕದಲ್ಲಿ ಮೋಸ ಮಾಡೋದು ಅಂದ್ರೆ ಅದಕ್ಕಿಂತ ಕೀಳು ಕೆಲಸ ಇಲ್ಲ. ತೂಕ ಸುಳ್ಳು ಹೇಳಲ್ಲ, ಅದರ ಮೇಲೆ ನಿಂತವರು..."

"ಸರ್" ಎಂದಳು ನರ್ಸ್. "ನಿಮ್ಮ ಬಲಗೈ ಎಲ್ಲಿದೆ?"

ಹೆಂಡತಿ ಫೋನನ್ನು ಕೆಳಗಿನಿಂದ ನೇರವಾಗಿ ಫ್ರಿಜ್ಜಿನ ತಲೆಗೆ ಎತ್ತಿದಳು. ಅವಳನ್ನು ಯಾರೂ ಕೇಳಿರಲಿಲ್ಲ.

ಊರಿಗೆಲ್ಲ ಶಕುನ ಹೇಳುವ ಹಲ್ಲಿ ಮಜ್ಜಿಗೆಗೆ ಬಿದ್ದಾಗ ಅದರ ಮುಖ ಹೇಗಿತ್ತೋ ಯಾರೂ ನೋಡಿಲ್ಲ. ತೂಕದಣ್ಣನ ಮುಖ ಹಾಗೇ ಇದ್ದಿರಬೇಕು. ಕೈಯನ್ನು ಫ್ರಿಜ್ಜಿನಿಂದ ತೆಗೆದು, ಎಲ್ಲಿಡುವುದೆಂದು ತಿಳಿಯದೆ, ಕೊನೆಗೆ ಪ್ಯಾಂಟು ಹಿಡಿದುಕೊಂಡ.

"ಓಹೋ" ಎಂದಳು ಅಕ್ಕ. "ಅದಕ್ಕೇ ಹೋದ ವಾರದಿಂದ ನನ್ನ ಕಾಲು ಅಷ್ಟು ನೋಯ್ತಿತ್ತು."

"ಇಬ್ಬರೂ ಕೇಳಿ" ಎಂದಳು ನರ್ಸ್. ಗದರಲಿಲ್ಲ, ಅದರಿಂದಲೇ ಹೆಚ್ಚು ಭಯವಾಯಿತು. "ಆಪರೇಷನ್ನಿಗೆ ಮಂಪರು ಔಷಧಿ ಕೊಡೋದು ತೂಕ ನೋಡಿ. ನಿಮ್ಮ ಪ್ರೀತಿ ನೋಡಿ ಅಲ್ಲ."

ಇಬ್ಬರೂ ಶಾಲೆಯಲ್ಲಿ ಬೆಂಚಿನ ಮೇಲೆ ನಿಲ್ಲಿಸಿದವರ ಹಾಗೆ ನಿಂತರು. ತೂಕದಣ್ಣ ಹೆಂಡತಿಯ ಕಡೆ ತಿರುಗಿದ.

"ನಿಂಗೆ ಎಲ್ಲಾ ಗೊತ್ತಿತ್ತಾ?"

"ಎದುರಿಗೆ ನಿಂತವಳು ನಾನಲ್ವಾ. ಫೋನ್ ಹಿಡ್ಕೋ ಅಂದ್ರಿ, ಹಿಡ್ಕೊಂಡೆ. ನಿನಗೇನನ್ಸುತ್ತೆ ಅಂತ ಇಬ್ಬರಲ್ಲಿ ಒಬ್ಬರೂ ಕೇಳ್ಲಿಲ್ಲ." ಅವಳು ಫೋನನ್ನು ಇನ್ನೊಂದು ಕೈಗೆ ಬದಲಾಯಿಸಿದಳು. "ನಂಗೂ ಭಯಾನೇ. ಆದ್ರೆ ನಂಗೆ ಇಬ್ಬರೂ ಬೇಕು. ಇಬ್ಬರೂ ಬೇಕು ಅಂದ್ರೆ ನಿಜವಾದ ತೂಕಾನೇ ಬೇಕಲ್ವಾ. ಕಾಲು ತೆಗೀರಿ ಅಕ್ಕ."

ಅಕ್ಕ ಕಾಲು ತೆಗೆದಳು. ತೂಕದಣ್ಣ ಎರಡೂ ಕೈಗಳನ್ನು ಪ್ಯಾಂಟಿಗೆ ಒಪ್ಪಿಸಿ, ಹುಟ್ಟಿದ ಮೇಲೆ ಮೊದಲ ಸಲ ಒಬ್ಬನೇ ನಿಂತವನ ಹಾಗೆ ನಿಂತ. ಅಂಕಿಗಳು ಹೊಯ್ದಾಡಿದವು, ನಿಂತವು. ಈ ಸಲ ಯಾರೂ ಓದಿ ಹೇಳಬೇಕಾಗಲಿಲ್ಲ.

"ತೊಂಬತ್ತೇಳು" ಎಂದ ಅವನು. ಇನ್ನೊಮ್ಮೆ ಬಗ್ಗಿ ನೋಡಿ, ಯಂತ್ರದ ಸುತ್ತ ಬೇರೆ ಕಾಲಿದೆಯೇ ಎಂದು ಪರೀಕ್ಷಿಸಿ, ಮತ್ತೆ ಹೇಳಿದ. "ತೊಂಬತ್ತೇಳು ಕಣಕ್ಕ."

ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡಳು. "ಸೋತೆ ಬಿಡು" ಎಂದಳು.

"ಇನ್ನೂ ಇಲ್ಲ" ಎಂದಳು ನರ್ಸ್. "ಅಮ್ಮಾ, ಈಗ ನೀವು ಹತ್ತಿ. ಅಲ್ಲಿ ಆಸ್ಪತ್ರೆಯವರೂ ನಿಮ್ಮ ತೂಕ ಬೀಳ್ತಿದೆ ಅಂತ ಬರೀತಿದ್ದಾರೆ. ತಗೊಳ್ಳೋ ಮೈಗೂ ತಡ್ಕೊಳ್ಳೋ ಶಕ್ತಿ ಬೇಕು. ನಲವತ್ತರ ಮೇಲೆ ಇರ್ಬೇಕು, ಇಲ್ಲಾಂದ್ರೆ ಡಾಕ್ಟರ್ ಮುಂದೂಡ್ತಾರೆ."

ಅಕ್ಕ ಬೇಡ ಎಂದಳು, ನಾಳೆ ಎಂದಳು, ಒಲೆ ಮೇಲೆ ಏನೋ ಇದೆ ಎಂದಳು. ಒಲೆ ಹಚ್ಚಿಯೇ ಇರಲಿಲ್ಲ. ಕೊನೆಗೆ ಹತ್ತಿದಳು. ತಲೆ ತಿರುಗಿ ಬಿದ್ದಾಳೆಂದು ತಮ್ಮ ಹಿಂದೆ ನಿಂತು ಅವಳ ಭುಜ ಹಿಡಿದುಕೊಂಡ. ಕೈಗೆ ಬರೀ ಮೂಳೆ ಸಿಕ್ಕಿತು. ಒಂದು ಕಾಲದಲ್ಲಿ ತನ್ನನ್ನು ಹೊತ್ತ ಭುಜ.

ಹೆಂಡತಿ ಫೋನನ್ನು ಮುಖದ ಮಟ್ಟದಲ್ಲಿ ಹಿಡಿದಿದ್ದಳು. ಅಂಕಿ ಹೊಯ್ದಾಡಿತು, ನಿಲ್ಲಲಿಲ್ಲ, ಮೆಲ್ಲಗೆ ಏರತೊಡಗಿತು.

"ನಲವತ್ತೊಂದು" ಎಂದಳು ನರ್ಸ್, ಅನುಮಾನದಲ್ಲಿ. "ಅಮ್ಮಾ, ನೀವೇ ಓದಿ ಹೇಳಿ, ಅಷ್ಟೇ ಇದೆಯಾ?"

ಅಕ್ಕ ಕೆಳಗೆ ನೋಡಿದಳು. ಅವಳಿಗೆ ಮೋಡಗೀಡ ಏನೂ ಅಡ್ಡ ಇರಲಿಲ್ಲ. ತನ್ನ ಎರಡು ನೀಲಿ ಕಾಲುಚೀಲಗಳ ನಡುವೆ, ಗಾಜಿನ ಅಂಚಿನಲ್ಲಿ, ಹಿಂದಿನಿಂದ ಬಂದ ಕಾಲಿನ ದಪ್ಪ ಹೆಬ್ಬೆರಳೊಂದು ಉಸಿರು ಬಿಗಿಹಿಡಿದು ಊರಿಕೊಂಡಿತ್ತು. ಹೊತ್ತು ತಿರುಗುತ್ತಿದ್ದಾಗ ಆ ಹೆಬ್ಬೆರಳನ್ನು ಅವಳು ಎಷ್ಟೋ ಸಲ ಬಾಯಿಂದ ಎಳೆದು ತೆಗೆದಿದ್ದಳು.

ಅವಳು ಸ್ವಲ್ಪ ಹೊತ್ತು ಅದನ್ನೇ ನೋಡಿದಳು.

"ಕಾಲು ತೆಗಿಯೋ ಪುಟ್ಟ" ಎಂದಳು ಮೆಲ್ಲಗೆ. "ನಾನೇ ತಿಂತೀನಿ."

ಕಾಲು ಸರಿಯಿತು. ಮೂವತ್ತೆಂಟು.

ಅಂದು ಊಟಕ್ಕೆ ಅಕ್ಕನ ತಟ್ಟೆಯಲ್ಲಿ ಎರಡು ಮೊಟ್ಟೆ. ನರ್ಸ್ ಅಪ್ಪಣೆ. ಅವಳು ಮುಖ ಹಿಂಡಿಕೊಂಡು, ಔಷಧಿ ನುಂಗುವ ಹಾಗೆ, ಎರಡನ್ನೂ ಪೂರ್ತಿ ತಿಂದಳು. ತಮ್ಮ ಎದುರಿಗೆ ಕುರ್ಚಿ ಎಳೆದುಕೊಂಡು ಕೂತು ಪ್ರತಿ ತುತ್ತನ್ನೂ ನೋಡಿದ. ಅವನ ತಟ್ಟೆಯಲ್ಲಿ ಸೌತೆಕಾಯಿ ಇತ್ತು, ಲೆಕ್ಕದ ಒಂದು ಮೊಟ್ಟೆ ಇತ್ತು. ಅಕ್ಕ ಬಾಯಿ ಒರೆಸಿಕೊಂಡು ಆ ಮೊಟ್ಟೆಯ ಕಡೆ ನೋಡಿದಳು.

"ಇನ್ನೂ ಎರಡು ಕಿಲೋ ಏರಬೇಕಂತಲ್ಲ" ಎಂದಳು.

ತೂಕದಣ್ಣ ತಟ್ಟೆಯನ್ನು ಅವಳ ಕಡೆಗೆ ಸರಿಸಿದ. ಹೆಂಡತಿ ಬೆಣ್ಣೆ ತುಂಡನ್ನು ತಂದು ಅಕ್ಕನ ತಟ್ಟೆಯ ಅಂಚಿಗೆ ಇಟ್ಟಳು. ಇಷ್ಟು ದಿನ ಮನೆಯೆಲ್ಲ ಸುತ್ತಿದ ಅದು ಕೊನೆಗೂ ಒಂದು ಕಡೆ ನೆಲೆ ನಿಂತಿತು.